ನೈದಿಲೆಯ ಎಲೆಗೆ ಸೀಳು ಬಂದದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈಮೇಲಿನ ಮಣ್ಣು ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕು ಅನ್ನುವುದು ನದಿಗಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಸೂರ್ಯ ಮನೆಗೆ ಹೊರಡುವ ಹೊತ್ತನ್ನೂ ಯಾರೂ ಗೊತ್ತುಮಾಡಿರಲಿಲ್ಲ.

ಆಗ ಭೂಮಿತಾಯಿಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ, ಒಂದು ಪುಟ್ಟ ಕೊಳ ಇತ್ತು. ಎಲ್ಲರೂ ಅವಳನ್ನು ಕೊಳಮ್ಮ ಅನ್ನುತ್ತಿದ್ದರು. ಕೊಳಮ್ಮನ ನೀರು ತಿಳಿ, ಮನಸ್ಸು ಇನ್ನೂ ತಿಳಿ. ಉಪಚಾರದಲ್ಲಂತೂ ಅವಳನ್ನು ಮೀರಿಸುವವರೇ ಇರಲಿಲ್ಲ. ಗುಬ್ಬಿ ಹೊಟ್ಟೆ ತುಂಬ ನೀರು ಕುಡಿದು ಹೊರಟರೂ "ಇನ್ನೊಂದು ಗುಟುಕು, ನನ್ನಾಣೆ" ಅನ್ನುವಳು.

ಒಂದು ಬೆಳಿಗ್ಗೆ ಸೂರ್ಯ ಹಿತ್ತಲಿಗೆ ಬಂದ. ಕೊಳಮ್ಮನಿಗೆ ಹಿಗ್ಗೋ ಹಿಗ್ಗು.

"ಬನ್ನಿ ಸೂರ್ಯಪ್ಪ, ಬನ್ನಿ! ಕೂತ್ಕೊಳ್ಳಿ!"

ಸೂರ್ಯ ನೀರಿನ ಮೇಲೆ ಆರಾಮವಾಗಿ ಕೂತ. ಸ್ವಲ್ಪ ಹೊತ್ತಾದ ಮೇಲೆ ಎದ್ದ. "ಬರ್ತೀನಿ ಕೊಳಮ್ಮ."

"ಅಯ್ಯೋ, ಈಗ ತಾನೆ ಬಂದ್ರಿ! ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ."

"ಅಷ್ಟು ಹೇಳಿದ ಮೇಲೆ ಕೂರದೆ ಇರೋಕಾಗುತ್ತಾ?" ಅಂತ ಸೂರ್ಯ ಮತ್ತೆ ಕೂತ.

ಅದು ಉಪಚಾರಕ್ಕೆ ಆಡಿದ ಮಾತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಪಾಪ, ಸೂರ್ಯನಿಗೆ ಗೊತ್ತಿಲ್ಲ. ಅವನು ಎದ್ದಾಗಲೆಲ್ಲ ಕೊಳಮ್ಮ ಕೂತ್ಕೊಳ್ಳಿ ಅನ್ನುವಳು, ಅವಳು ಅಂದಾಗಲೆಲ್ಲ ಅವನು ಕೂರುವನು. ಹೀಗೆ ಹಗಲು ಹಿಟ್ಟಿನ ಕಣಕದ ಹಾಗೆ ಉದ್ದಕ್ಕೆ ಎಳೆದುಕೊಂಡು ಹೋಯಿತು.

ಸೂರ್ಯನ ಪಂಚೆಯ ಚುಂಗು ಹಿಡಿದುಕೊಂಡು ಇನ್ನೊಬ್ಬಳು ಬಂದಿದ್ದಳು. ಅವಳೇ ಪಾಚಿ. ಬಂದಾಗ ಹೆಸರುಕಾಳಿನಷ್ಟಿದ್ದಳು. ಸೂರ್ಯ ಕೂತಷ್ಟೂ ಅವಳಿಗೆ ಹಸಿವು, ತಿಂದಷ್ಟೂ ಬೆಳವಣಿಗೆ. ತಳದ ಕೆಸರಿನ ಸಾರವನ್ನೆಲ್ಲ ಉಂಡು, ದಡದಿಂದ ದಡಕ್ಕೆ ಹಸಿರು ಕಂಬಳಿ ಹಾಸಿ ಮಲಗಿಬಿಟ್ಟಳು.

"ಏನಮ್ಮ ಪಾಚಿ, ಸ್ವಲ್ಪ ಸರೀತೀಯಾ?" ಅಂದಳು ಕೊಳಮ್ಮ ಮೆತ್ತಗೆ.

"ಮಾವ ಎದ್ದರೆ ನಾನೂ ಏಳ್ತೀನತ್ತೆ. ಮಾವ ಕೂತಿರೋವಾಗ ನಾನು ಎದ್ದರೆ ಚೆನ್ನಾಗಿರುತ್ತಾ?" ಅಂತ ಪಾಚಿ ಮಗ್ಗುಲು ಬದಲಾಯಿಸಿದಳು.

ಕೆಳಗೆ ಬೆಳ್ಳಿ ಅನ್ನುವ ಮೀನು ಸಂಸಾರ ಹೂಡಿತ್ತು. ಅದರ ಮರಿಗಳು ಆಗಷ್ಟೇ ಮೊಟ್ಟೆಯೊಡೆದಿದ್ದವು. ಬೆಳ್ಳಿ ಪಾಚಿಯನ್ನು ಕಷ್ಟಪಟ್ಟು ಸರಿಸಿ ತಲೆ ಎತ್ತಿತು. "ಕೊಳಮ್ಮ, ನೀರು ಬಿಸಿಯಾಗಿದೆ. ಮರಿಗಳು ಬಾಯಿ ಬಾಯಿ ಬಿಡ್ತಿವೆ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇದ್ದರೆ ಒಂದೂ ಉಳಿಯಲ್ಲ" ಅಂದಿತು.

ಆ ಮರಿಗಳು ಕೊಳಮ್ಮನ ಮಡಿಲಲ್ಲಿ ಹುಟ್ಟಿದವು, ಅವಳಿಗೆ ಮೊಮ್ಮಕ್ಕಳೇ. ಆದರೆ ಮನೆಗೆ ಬಂದವರನ್ನು ಎದ್ದು ಹೋಗಿ ಅನ್ನುವುದು ಹೇಗೆ? ಆ ಮಾತು ಅವಳ ನಾಲಿಗೆಗೇ ಬರದು. ಅತ್ತ ದರಿ ಇತ್ತ ಪುಲಿ.

ಆಗ ಗಾಳಿ ಬಂತು. ಗಾಳಿಗೆ ಊರ ಮನೆಗಳ ಸಮಾಚಾರವೆಲ್ಲ ಬೇಕು.

"ಸೂರ್ಯನ ಅಮ್ಮ ಅವನಿಗೆ ಕಲಿಸಿರೋದು ಎರಡೇ ಮಾತು," ಅಂತ ಗಾಳಿ ಪಿಸುಗುಟ್ಟಿತು. "ಕೂರು ಅಂದರೆ ಏಳಬೇಡ, ಎಲೆ ಕೊಟ್ಟರೆ ಕೂರಬೇಡ. ತಾಂಬೂಲ ಕೊಟ್ಟು ನೋಡು ಕೊಳಮ್ಮ. ಹೊರಡದಿದ್ದರೆ ನನ್ನ ಹೆಸರು ಗಾಳಿಯೇ ಅಲ್ಲ."

ಕೊಳಮ್ಮನಿಗೆ ಹೋದ ಜೀವ ಬಂದಂತಾಯಿತು. ಬೇಲಿಯ ಮೇಲಿದ್ದ ವೀಳ್ಯದ ಬಳ್ಳಿ ಒಂದು ಒಳ್ಳೆಯ ಎಲೆ ಕೊಟ್ಟಿತು. ಆದರೆ ಸೂರ್ಯನ ಅಂಗೈಗೆ ಅದು ಸಾಸಿವೆಯಷ್ಟು. ಇಟ್ಟ ಕೂಡಲೇ ಸುರುಟಿ ಹಪ್ಪಳವಾಯಿತು.

"ಏನೋ ಬಿತ್ತಲ್ಲ, ಏನದು?" ಅಂದ ಸೂರ್ಯ.

"ಏನಿಲ್ಲ, ಏನಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಅಂದುಬಿಟ್ಟಳು ಕೊಳಮ್ಮ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ದಡದಲ್ಲಿ ನೈದಿಲಕ್ಕ ನಿಂತಿದ್ದಳು. ಆಗಿನ ಕಾಲದಲ್ಲಿ ನೈದಿಲೆ ನೆಲದ ಮೇಲೇ ಬೆಳೆಯುತ್ತಿತ್ತು. ಅವಳ ಎಲೆಗಳೋ ಮೊರದಗಲ, ಚಂದ್ರನಷ್ಟು ದುಂಡು, ಎಲ್ಲೂ ಸೀಳಿಲ್ಲ. ಗಾಳಿ ಬೀಸಿದರೆ ಪಟಪಟ ಬಡಿದುಕೊಂಡು ಅವಳಿಗೆ ನಿದ್ದೆಗೇಡು.

"ಕೊಳಮ್ಮ, ನಿನ್ನ ಉಪಚಾರಕ್ಕಿಷ್ಟು ಬೆಂಕಿ ಹಾಕ!" ಅಂದಳು ನೈದಿಲಕ್ಕ. ಅವಳ ಬಾಯಿ ಜೋರು, ಕರುಳು ಮೆದು. "ಅಂಥ ದೊಡ್ಡ ಮನುಷ್ಯನಿಗೆ ಇಂಥ ದೊಡ್ಡ ಎಲೆಯೇ ಆಗಬೇಕು. ನಾನೇ ಬರ್ತೀನಿ. ನೀರಿನ ಮೇಲೆ ಮಲಗಿದರೆ ಎಲೆ ಬಾಡೋದೂ ಇಲ್ಲ. ಸರಿ, ಜಾಗ ಬಿಡು."

ಅವಳು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಕಾಲು ಕೆಸರಿನಲ್ಲಿ ಹೂತಿತು. ಕೆಸರು ತಂಪಾಗಿತ್ತು, ಸಾರ ರುಚಿಯಾಗಿತ್ತು. "ಆಹಾ, ಇಲ್ಲಿ ಇಷ್ಟು ಸುಖ ಇದೆ ಅಂತ ಒಬ್ಬರಾದರೂ ಹೇಳಿದ್ರಾ?" ಅಂತ ಅಲ್ಲೇ ಬೇರೂರಿ, ದಂಟು ಉದ್ದ ಮಾಡಿ, ಎಲೆಗಳನ್ನು ನೀರಿನ ಮೇಲೆ ಒಂದೊಂದಾಗಿ ಹಾಸಿದಳು. ಬಸವನಹುಳು ತನ್ನ ಹಳೇ ಚಿಪ್ಪಿನ ಸುಣ್ಣ ಕೊಟ್ಟಿತು. ಅಳಿಲು ಎಲ್ಲಿಂದಲೋ ಅಡಿಕೆ ತಂದಿತು. ಬರೀ ಎಲೆ ಕೊಟ್ಟರೆ ಚೆನ್ನಲ್ಲ ಅಂತ ನೈದಿಲಕ್ಕ ಎಲೆಯ ಪಕ್ಕ ಒಂದು ಹೂವನ್ನೂ ಇಟ್ಟಳು.

"ಸೂರ್ಯಪ್ಪ, ತಾಂಬೂಲ ತಗೊಳ್ಳಿ" ಅಂದಳು ಕೊಳಮ್ಮ.

ಸೂರ್ಯನ ಮುಖ ಅರಳಿತು. ಎಲೆ ಹಾಕಿಕೊಳ್ಳುವ ಮೊದಲು ತೊಟ್ಟು ಚಿವುಟಬೇಕಲ್ಲ, ಅವನು ಅಂಚಿನ ಸುತ್ತ ಬೆರಳಾಡಿಸಿದ. ತೊಟ್ಟೇ ಇಲ್ಲ!

"ಇದೆಂಥ ಎಲೆ ತಾಯಿ? ತೊಟ್ಟೆಲ್ಲಿ?"

"ಅಡಿಯಲ್ಲಿದೆ, ಹುಡುಕಿ" ಅಂತ ನೈದಿಲಕ್ಕ ನಕ್ಕಳು.

ಸೂರ್ಯ ಅಂಚಿನಿಂದ ಚಿವುಟುತ್ತಾ ಚಿವುಟುತ್ತಾ ಒಳಗೆ ಬಂದ. ನಡುವಿನಲ್ಲಿ ತೊಟ್ಟು ಸಿಕ್ಕಿತು. ಅಷ್ಟರಲ್ಲಿ ಎಲೆಯ ಒಂದು ತುಂಡು ಸೀಳಿ ಅವನ ಕೈಗೆ ಬಂದಿತ್ತು.

"ಇಷ್ಟೇ ಸಾಕು. ಪೂರ್ತಿ ಎಲೆ ನನ್ನ ಬಾಯಿಗೂ ಹೆಚ್ಚಾಯಿತು." ಆ ತುಂಡಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡು ಎದ್ದು ನಿಂತ. "ಬರ್ತೀನಿ ಕೊಳಮ್ಮ."

ಹುಟ್ಟುಗುಣ ಸುಟ್ಟರೂ ಹೋಗದು. ಕೊಳಮ್ಮನ ಬಾಯಿ ತಾನಾಗಿಯೇ ತೆರೆಯಿತು. "ಅಯ್ಯೋ, ಇನ್ನೂ ಸ್ವಲ್ಪ..."

ಬೆಳ್ಳಿ ಕಣ್ಣು ಮುಚ್ಚಿಕೊಂಡಿತು. ಮರಿಗಳ ಕಥೆ ಮುಗಿಯಿತು ಅಂದುಕೊಂಡಿತು.

ನೈದಿಲಕ್ಕ ತಡಮಾಡಲಿಲ್ಲ. ಒಂದು ದೊಡ್ಡ ಎಲೆ ಎಳೆದು ಕೊಳಮ್ಮನ ಬಾಯಿಗೆ ಫಟ್ಟನೆ ಮುಚ್ಚಿದಳು. ಉಳಿದ ಮಾತು ಎಲೆಯ ಕೆಳಗೆ ಗುಳುಗುಳು ಗುಳ್ಳೆಯಾಯಿತು.

"ಏನಂದೆ ತಾಯಿ?"

"ಹೋಗಿ ಬನ್ನಿ ಅಂದಳು!" ಅಂತ ದಡದ ಕಪ್ಪೆ, ಮೀನು, ಬಸವನಹುಳು ಒಟ್ಟಿಗೆ ಕೂಗಿದವು.

ಸೂರ್ಯ ನಗುತ್ತಾ ಪಡುವಣಕ್ಕೆ ಹೊರಟ. ಪಾಚಿಯೂ ಗೊಣಗುತ್ತಾ ಕಂಬಳಿ ಮಡಿಸಿದಳು. ಎಲೆಗಳ ನೆರಳು ಬಿದ್ದ ಮೇಲೆ ಅವಳಿಗೆ ಅಲ್ಲಿ ಹಾಸಲು ಆಗಲಿಲ್ಲ. ಅವಳ ಪಾಲಿನ ಸಾರವನ್ನೂ ನೈದಿಲಕ್ಕನ ಬೇರು ಉಣ್ಣುತ್ತಿತ್ತು. ಎಲೆಯ ಕೆಳಗೆ ನೀರು ತಣ್ಣಗಾಯಿತು. ಬೆಳ್ಳಿಯ ಮರಿಗಳು ಒಂದರ ಬಾಲ ಇನ್ನೊಂದು ಹಿಡಿದು ಆಡತೊಡಗಿದವು. ಕೊಳಮ್ಮ ನಕ್ಕ ನಗೆಗೆ ಅಲೆಗಳು ಒಗೆಯುವ ಕಲ್ಲಿನವರೆಗೂ ಹೋದವು.

"ನಿನ್ನ ಬಾಯಿ ಪೂರ್ತಿ ಮುಚ್ಚಿಬಿಡಲಾ?" ಅಂತ ನೈದಿಲಕ್ಕ ಕೇಳಿದಳು.

"ಬೇಡ ಕಣಕ್ಕ. ಬೆಳಿಗ್ಗೆ ಅವನು ಬಂದಾಗ ಬನ್ನಿ ಅನ್ನೋದಕ್ಕಾದರೂ ಬಾಯಿ ಬೇಕಲ್ಲ. ಅವನು ಮುಖ ತೋರಿಸದಿದ್ದರೆ ಮಕ್ಕಳಿಗೂ ಬೆಳಕಿಲ್ಲ, ನಿನಗೂ ಹೂವಿಲ್ಲ. ಅರ್ಧ ಮುಚ್ಚು, ಅರ್ಧ ಬಿಡು."

ನೈದಿಲಕ್ಕ ಹಾಗೇ ಮಾಡಿದಳು. ಸೂರ್ಯ ದಿನಾ ಬರುತ್ತಾನೆ, ತೆರೆದ ಅರ್ಧದಲ್ಲಿ ಕೂರುತ್ತಾನೆ, ಸಂಜೆ ಎಲೆಯ ಒಂದು ತುಂಡು ಹಾಕಿಕೊಂಡು ಹೊರಡುತ್ತಾನೆ. ಎಲೆ ಹಾಸಿದ ಕಡೆ ಮಾತ್ರ ಕೂರುವುದಿಲ್ಲ, ಅಮ್ಮನ ಮಾತು ಮೀರುವವನಲ್ಲ. ಪಾಚಿಯೂ ಅಂಚಿನಲ್ಲಿ ಒಂದು ಚೂರು ಉಳಿದುಕೊಂಡಳು. ಗೊದಮೊಟ್ಟೆಗಳಿಗೆ ಊಟ ಬೇಡವೇ?

ನಿಮ್ಮ ಹಿತ್ತಲ ಕೊಳದಲ್ಲಿ ನೈದಿಲೆ ಇದ್ದರೆ ಬಗ್ಗಿ ನೋಡಿ ಮಕ್ಕಳೇ, ದುಂಡನೆಯ ಎಲೆಯಲ್ಲಿ ಅಂಚಿನಿಂದ ನಡುವಿನವರೆಗೆ ಒಂದು ಸೀಳು ಇರುತ್ತದೆ, ಅಷ್ಟು ತುಂಡು ಇರುವುದಿಲ್ಲ. ಅದು ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ಸಂಜೆ ಪಡುವಣದ ಕಡೆ ತಿರುಗಿ, ಹೊರಟು ನಿಂತ ಸೂರ್ಯನ ಬಾಯಿ ಎಷ್ಟು ಕೆಂಪಗಿದೆ ಅಂತ ನೋಡಿ.