ನೋವಿರುವ ಕಾಲು

ಬಿಳಿಗಲ್ಲುಪಾಳ್ಯದ ಕ್ರೈಸ್ತ ದೇವಾಲಯದ ಪಕ್ಕದಲ್ಲಿ, ನಾಡಹೆಂಚು ಹೊದೆಸಿದ ಪುಟ್ಟ ಮನೆಯೊಂದರಲ್ಲಿ ಪೂಜ್ಯ ಧೈರ್ಯನಾಥಸ್ವಾಮಿಗಳು ಇಪ್ಪತ್ತೆರಡು ವರ್ಷ ವಾಸವಾಗಿದ್ದರು. ಅವರ ಆಸ್ತಿ ಎಂದರೆ ಒಂದು ಹಳೆಯ ಸೈಕಲ್ಲು, ಸವೆದ ಜಪಸರ, ಹಗ್ಗದ ಮಂಚ ಮತ್ತು ಕೆಂಚ. ಕೆಂಚ ಎಂಬುದು ನಾಯಿ. ಮಂಚದ ಕೆಳಗೆ ಗೋಣಿಚೀಲದ ಮೇಲೆ ಅದರ ಬಿಡಾರ. ಚಳಿಗಾಲದಲ್ಲಿ ನಾಯಿ ಮಂಚದ ಮೇಲೆ, ಸ್ವಾಮಿಗಳು ಚೀಲದ ಮೇಲೆ ಎಂದು ಊರವರು ನಗುತ್ತಿದ್ದರು. ಸ್ವಾಮಿಗಳು ಅದನ್ನು ಅಲ್ಲಗಳೆದದ್ದನ್ನು ಮಾತ್ರ ಯಾರೂ ಕೇಳಿಲ್ಲ.

ಕೆಂಚ ಅವರಿಗೆ ಸಿಕ್ಕಿದ್ದು ಹೊಲದ ಬದುವಿನಲ್ಲಿ. ಕಾಡುಹಂದಿಗೆಂದು ಯಾರೋ ಕಟ್ಟಿದ್ದ ತಂತಿಯ ಉರುಳಿಗೆ ಮುಂಗಾಲು ಸಿಕ್ಕಿಸಿಕೊಂಡು ಮರಿ ಎರಡು ದಿನದಿಂದ ಊಳಿಡುತ್ತಿತ್ತು. ಸ್ವಾಮಿಗಳು ಬಿಡಿಸಲು ಹೋದಾಗ ಕಚ್ಚಿತು. ಕಚ್ಚಿಸಿಕೊಂಡೇ ಬಿಡಿಸಿದರು, ಆ ಗುರುತು ಅವರ ಹೆಬ್ಬೆರಳ ಬುಡದಲ್ಲಿ ಕೊನೆಯವರೆಗೂ ಇತ್ತು. ತಿಂಗಳುಗಟ್ಟಲೆ ಅವರೇ ಗಾಯ ತೊಳೆದು ಬಟ್ಟೆ ಕಟ್ಟಿದರು. ಅಲ್ಲಿಂದ ಮುಂದೆ ಆ ನಾಯಿಗೊಂದು ಅಭ್ಯಾಸ ಹತ್ತಿತು. ಮುಳ್ಳು ಚುಚ್ಚಲಿ, ಕಲ್ಲು ತಾಗಲಿ, ಸ್ವಾಮಿಗಳು ಎಲ್ಲಿದ್ದರೂ ಹುಡುಕಿಕೊಂಡು ಹೋಗಿ ನೋವಿರುವ ಕಾಲನ್ನೆತ್ತಿ ಅವರ ಮೊಣಕಾಲಿನ ಮೇಲೆ ಇಡುತ್ತಿತ್ತು.

ಭಾನುವಾರದ ಪ್ರಬೋಧನೆಯೊಳಗೂ ಕೆಂಚ ಆಗಾಗ ನುಸುಳುತ್ತಿತ್ತು. ನಾನು ಊಟಕ್ಕೆ ಕೂತರೆ ಈ ಪ್ರಾಣಿ ತಟ್ಟೆಯನ್ನು ನೋಡುವುದಿಲ್ಲ, ನನ್ನ ಕೈಯನ್ನು ನೋಡುತ್ತದೆ; ನಾವು ಮಾತ್ರ ದೇವರ ತಟ್ಟೆಯಲ್ಲಿ ಏನಿದೆ ಎಂದು ಇಣುಕುತ್ತೇವೆ, ಕೊಡುವ ಕೈಯನ್ನು ಮರೆಯುತ್ತೇವೆ ಎಂದು ಸ್ವಾಮಿಗಳು ಒಮ್ಮೆ ಹೇಳಿದರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ರಾಯಪ್ಪ ನಗಲಿಲ್ಲ. ಪೀಠದ ಮುಂದೆ ಸಂತರ ಮಾತು ಬರಬೇಕೇ ಹೊರತು ನಾಯಿಯ ಮಾತಲ್ಲ ಎಂಬುದು ಅವನ ಖಚಿತ ಅಭಿಪ್ರಾಯ.

ಈ ರಾಯಪ್ಪ ಪಾಳ್ಯದ ದೊಡ್ಡ ಕುಳ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಹತ್ತು ಒಲೆಯ ಮನೆ ಅವನದು. ದೇವಾಲಯದ ಕೆಲಸವೆಂದರೆ ಪ್ರಾಣ. ಅದರಲ್ಲೂ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿ ಅವನ ಉಸ್ತುವಾರಿಗೆ ಸೇರಿದ್ದು. ಪ್ರಭು ಯೇಸು ತಮ್ಮ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಅಂದು ಗುರುಗಳು ಊರಿನ ಹನ್ನೆರಡು ಮಂದಿಯ ಬಲಗಾಲು ತೊಳೆದು ಮುತ್ತಿಡುತ್ತಾರೆ. ಆ ಹನ್ನೆರಡು ಮಂದಿ ಯಾರೆಂದು ಪಟ್ಟಿ ಬರೆಯುವವನು ರಾಯಪ್ಪ. ಮೊದಲ ಕುರ್ಚಿ ಶಿಷ್ಯರಲ್ಲಿ ಹಿರಿಯರಾದ ಸಂತ ಪೇತ್ರರದು. ಅದರಲ್ಲಿ ಕೂರುವವನೂ ರಾಯಪ್ಪನೇ, ಹದಿನಾರು ವರ್ಷದಿಂದ.

ಕಾಲು ತೊಳೆದುಕೊಂಡು ಬನ್ನಿ ಎಂದು ಅವನು ಮನೆಮನೆಗೂ ಹೇಳಿ ಬರುತ್ತಿದ್ದ. ಹಾಗಾಗಿ ಆ ಮಧ್ಯಾಹ್ನ ಪಾಳ್ಯದ ಹನ್ನೆರಡು ಹಿತ್ತಿಲುಗಳಲ್ಲಿ ಹನ್ನೆರಡು ಗಂಡಸರು ತೆಂಗಿನ ನಾರು ಹಿಡಿದು ಹಿಮ್ಮಡಿ ತಿಕ್ಕುತ್ತಿದ್ದರು. ಉಗುರು ಕತ್ತರಿಸಿ, ಎಣ್ಣೆ ಸವರಿ, ಮತ್ತೆ ಸೀಗೆಪುಡಿ ಹಾಕಿ ತೊಳೆದು, ದೇವಾಲಯದವರೆಗೂ ಧೂಳು ತಾಗದಂತೆ ಹುಲ್ಲಿನ ಮೇಲೆ ನಡೆದು ಬರುತ್ತಿದ್ದರು. ತೊಳೆದ ಕಾಲನ್ನೇ ಸ್ವಾಮಿಗಳು ತೊಳೆಯುತ್ತಿದ್ದರು. ವಿಧಿ ಮುಗಿದ ಮೇಲೂ ಬೋಗುಣಿಯ ನೀರು ಅನ್ನಕ್ಕೆ ಎಸರಿಡುವಷ್ಟು ತಿಳಿಯಾಗಿರುತ್ತಿತ್ತು. ರಾಯಪ್ಪ ಅದನ್ನು ಎಲ್ಲರಿಗೂ ತೋರಿಸಿ ಹೆಮ್ಮೆಪಡುತ್ತಿದ್ದ. ಸ್ವಾಮಿಗಳು ಆ ನೀರನ್ನು ಒಯ್ದು ಅಂಗಳದ ಬೇವಿನ ಬುಡಕ್ಕೆ ಸುರಿಯುತ್ತಿದ್ದರು.

ಒಂದು ವರ್ಷ ಪಟ್ಟಿಯಲ್ಲಿ ಇನ್ನಾಸಪ್ಪ ಎಂಬವನ ಹೆಸರಿತ್ತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವ ಬಡವ, ಬಾಯಿಲ್ಲದ ಮನುಷ್ಯ. ಹೊಸ ಪಂಚೆ ಉಟ್ಟು ಬಂದು ಕುರ್ಚಿಯಲ್ಲಿ ಕೂತಿದ್ದ. ಪಂಚೆ ಸರಿದಾಗ ಅವನ ಬಲಗಾಲಿನಲ್ಲಿ ನೀರು ಸೋರುವ ಇಸುಬು ರಾಯಪ್ಪನ ಕಣ್ಣಿಗೆ ಬಿತ್ತು. ತುಂಬಿದ ಸಭೆಯ ಎದುರಿಗೆ ಅವನನ್ನು ಎಬ್ಬಿಸಿದ. ಇಂಥ ಕಾಲನ್ನು ಸ್ವಾಮಿಗಳ ಬಾಯಿಗೆ ಕೊಡುತ್ತೀಯಾ, ಇದು ದೇವಾಲಯ, ಆಸ್ಪತ್ರೆಯಲ್ಲ, ವಾಸಿ ಮಾಡಿಕೊಂಡು ಬಾ ಎಂದ. ಸ್ವಾಮಿಗಳು ಪೂಜೆಯ ಉಡುಪು ತೊಟ್ಟು ಹೊರಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೊಬ್ಬನಿದ್ದ. ಇನ್ನಾಸಪ್ಪ ಅಂದಿನಿಂದ ಬಾಗಿಲ ಹಿಂದಿನ ಕಂಬಕ್ಕೆ ಒರಗಿ ನಿಲ್ಲುವವನಾದ, ಪೂಜೆಯಲ್ಲಿ ಗುರುಗಳು ಹಂಚುವ ಸತ್ಪ್ರಸಾದಕ್ಕೂ ಮುಂದೆ ಬರಲಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮರುವರ್ಷ ಜನವರಿಯಲ್ಲಿ ಗೂಡು ಬೇಯಿಸುವ ಬಾಣಲೆ ಮಗುಚಿ ಕುದಿಯುವ ನೀರು ರಾಯಪ್ಪನ ಬಲಗಾಲಿನ ಮೇಲೆ ಬಿತ್ತು. ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ. ಗಾಯ ಆರಲಿಲ್ಲ, ಆಳಕ್ಕೆ ಇಳಿಯಿತು. ಅರಿಸಿನ ಮೆತ್ತಿದ, ಬೇವು ಕಟ್ಟಿದ. ಕೊನೆಗೆ ಕಾಲುಚೀಲ ಹಾಕಿ ಕ್ಯಾನ್ವಾಸ್ ಬೂಟಿನೊಳಗೆ ಮುಚ್ಚಿಟ್ಟ. ಆಸ್ಪತ್ರೆ ಎಂದರೆ ಅವನಿಗೆ ನಡುಕ. ಅವನ ಅಣ್ಣ ಇಂಥದೇ ಗಾಯಕ್ಕೆ ಆಸ್ಪತ್ರೆಗೆ ಹೋದವನು ಮೊಣಕಾಲಿನ ಕೆಳಗೆ ಏನೂ ಇಲ್ಲದೆ ಹಿಂದಿರುಗಿ, ವರ್ಷದೊಳಗೆ ತೀರಿಕೊಂಡಿದ್ದ. ಆ ಭಯಕ್ಕಿಂತ ದೊಡ್ಡದು ಇನ್ನೊಂದು. ಗಾಯ ಹೊರಬಿದ್ದರೆ ಊರು ಇನ್ನಾಸಪ್ಪನನ್ನು ನೆನೆಸಿಕೊಳ್ಳುತ್ತದೆ. ಕುರ್ಚಿಯಿಂದ ಏಳು ಎಂದವನೇ ಏಳಬೇಕಾಗುತ್ತದೆ. ಹೆಂಡತಿ ಫಿಲೋಮಿನಮ್ಮ ವಾಸನೆ ಹಿಡಿದು ಕೇಳಿದಾಗ ಗದರಿಸಿ ಬಾಯಿ ಮುಚ್ಚಿಸಿದ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ತಿರುಗುವ ಬದುಕಾಯಿತು.

ಎಲ್ಲರಿಂದಲೂ ಮರೆಮಾಚಿದ. ಕೆಂಚನ ಮೂಗಿನಿಂದ ಮರೆಮಾಚಲು ಆಗಲಿಲ್ಲ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದ ದಿನದಿಂದ ಆ ನಾಯಿ ರಾಯಪ್ಪನ ಬೆನ್ನು ಹತ್ತಿತು. ಅವನು ಜಪಸರ ಹಿಡಿದು ಕೂತರೆ ಬಂದು ಬೂಟಿನ ಮೇಲೆ ಮೂತಿ ಇಟ್ಟು ಮಲಗುತ್ತಿತ್ತು. ಓಡಿಸಿದರೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬರುತ್ತಿತ್ತು. ಶುಕ್ರವಾರ ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಹದಿನಾಲ್ಕು ಕಡೆ ನಿಂತು ಮೊಣಕಾಲೂರಬೇಕು. ರಾಯಪ್ಪ ಪ್ರತಿ ಸಲ ಮೊಣಕಾಲೂರಿದಾಗಲೂ ಹಿಂದೆ ಕೆಂಚ ಹಾಜರ್. ಒಂಬತ್ತನೆಯ ನಿಲುಗಡೆಯಲ್ಲಿ, ಪ್ರಭು ಶಿಲುಬೆ ಹೊತ್ತು ಮೂರನೆಯ ಸಲ ಬೀಳುವ ಚಿತ್ರದ ಕೆಳಗೆ, ಅವನ ತಾಳ್ಮೆ ಕೆಟ್ಟಿತು. ಎಡಗಾಲಿನಿಂದ ಝಾಡಿಸಿ ಒದ್ದ. ಕೆಂಚ ಕುಂಯ್ ಎಂದು ಗೋಡೆಗೆ ಬಿತ್ತು. ಜನ ತಿರುಗಿ ನೋಡಿದರು. ಸ್ವಾಮಿಗಳೂ ನೋಡಿದರು. ಹತ್ತನೆಯ ನಿಲುಗಡೆಗೆ ನಡೆದರು. ಹನ್ನೊಂದನೆಯದರಲ್ಲಿ ನಾಯಿ ಕುಂಟುತ್ತಾ ಬಂದು ಮತ್ತೆ ಅದೇ ಬೂಟಿನ ಬಳಿ ಕುಳಿತಿತು.

ಪವಿತ್ರ ವಾರದ ಮಂಗಳವಾರ ರಾಯಪ್ಪ ದೂರು ಹೊತ್ತು ಸ್ವಾಮಿಗಳ ಮನೆಗೆ ಹೋದ. ಸ್ವಾಮಿಗಳು ಮೆಟ್ಟಿಲ ಮೇಲೆ ಕುಳಿತಿದ್ದರು. ಕೆಂಚನ ಮುಂಗಾಲು ಅವರ ಮೊಣಕಾಲಿನ ಮೇಲಿತ್ತು. ಅದರ ಮೆತ್ತೆಯೊಳಗೆ ಮುರಿದುಕೊಂಡಿದ್ದ ಜಾಲಿಮುಳ್ಳನ್ನು ಅವರು ಸೂಜಿಯಿಂದ ಬಿಡಿಸುತ್ತಿದ್ದರು. ರಾಯಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ನಾಯಿಯಿಂದ ದೇವಾಲಯದ ಮರ್ಯಾದೆ ಹಾಳಾಗುತ್ತಿದೆ, ಗುರುವಾರವಾದರೂ ಅದನ್ನು ಕಟ್ಟಿಹಾಕಬೇಕು ಎಂದ. ಸ್ವಾಮಿಗಳು ತಲೆಯೆತ್ತಲಿಲ್ಲ. ಸೂಜಿ ಒಳಗಿಳಿದಾಗ ನಾಯಿ ಮುಲುಗಿತು, ಮೈ ನಡುಗಿತು, ಆದರೆ ಕಾಲನ್ನು ಎಳೆದುಕೊಳ್ಳಲಿಲ್ಲ. ಮುಳ್ಳು ಬಂತು. ಸ್ವಾಮಿಗಳು ಅದನ್ನು ಅಂಗೈಯಲ್ಲಿಟ್ಟು ನೋಡಿದರು.

“ಕಟ್ಟಿಹಾಕೋಣ, ಆಗಲಿ,” ಎಂದರು. ಮುಳ್ಳನ್ನು ಬಿಸಾಡಿ, “ಇದು ನನ್ನ ಹತ್ರ ಹೆಂಗೆ ಬರುತ್ತೆ ನೋಡಿದ್ರಾ ರಾಯಪ್ಪನೋರೆ? ಕಾಲು ತೊಳ್ಕೊಂಡು ಬರಲ್ಲ,” ಎಂದರು.

ಅಷ್ಟೇ. ಬೂಟಿನ ಮಾತನ್ನು ಅವರು ಎತ್ತಲಿಲ್ಲ. ಅವರಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ರಾಯಪ್ಪ ಎರಡು ದಿನ ತಲೆ ಕೆಡಿಸಿಕೊಂಡ. ಕೊನೆಗೆ ಒಂದು ಉಪಾಯ ಹೂಡಿದ. ಗುರುವಾರ ಬಲಗಾಲಿನ ಬದಲು ಎಡಗಾಲು ಚಾಚಿದರಾಯಿತು. ಯಾರು ಕೇಳುತ್ತಾರೆ, ಕೇಳಿದರೆ ಉಳುಕಿದೆ ಎಂದರಾಯಿತು. ಅಂದು ಮಧ್ಯಾಹ್ನ ಹಿತ್ತಿಲಲ್ಲಿ ಕೂತು ಎಡಗಾಲನ್ನು ಚರ್ಮ ಕೆಂಪಗಾಗುವಷ್ಟು ತಿಕ್ಕಿದ. ಆಮೇಲೆ ತೆಂಗಿನ ಹಗ್ಗ ತೆಗೆದುಕೊಂಡು ಹೋಗಿ ತನ್ನ ಕೈಯಾರೆ ಕೆಂಚನನ್ನು ಅಂಗಳದ ಬೇವಿನ ಮರಕ್ಕೆ ಕಟ್ಟಿದ. ಗಂಟು ಹಾಕುವಾಗ ನಾಯಿ ಅವನ ಮಣಿಕಟ್ಟನ್ನು ನೆಕ್ಕಿತು. ರಾಯಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ಒಳಗೆ ನಡೆದ.

ಸಂಜೆ ದೇವಾಲಯ ಕಿಕ್ಕಿರಿದಿತ್ತು. ಆ ದಿನದ ವಾಚನ ನಡೆಯಿತು. ಗುರುವೇ ನನ್ನ ಕಾಲು ತೊಳೆಯುವುದೇ, ಕೂಡದು ಎಂದು ಪೇತ್ರರು ಹಟ ಹಿಡಿದದ್ದು, ಹಾಗಾದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದು ಪ್ರಭು ನುಡಿದದ್ದು, ಎಲ್ಲವನ್ನೂ ಜನ ಕೇಳಿದರು. ಹನ್ನೆರಡು ಮಂದಿ ಕುರ್ಚಿಗಳಲ್ಲಿ ಕುಳಿತರು. ಸ್ವಾಮಿಗಳು ಸೊಂಟಕ್ಕೆ ವಸ್ತ್ರ ಬಿಗಿದು, ಎಪ್ಪತ್ತರ ಮೊಣಕಾಲುಗಳನ್ನು ಕಷ್ಟದಿಂದ ಮಡಿಸಿ, ಅಂದು ಯಾಕೋ ಕೊನೆಯ ಕುರ್ಚಿಯಿಂದ ಆರಂಭಿಸಿದರು. ಪೇತ್ರರ ಕುರ್ಚಿ ಕೊನೆಗುಳಿಯಿತು.

ಅವರು ಇನ್ನೂ ಐದನೆಯವನ ಬಳಿ ಇದ್ದಾಗ ಬಾಗಿಲ ಕಡೆ ಗುಸುಗುಸು ಎದ್ದಿತು. ಕೆಂಚ ಬಂದಿತ್ತು. ಕಚ್ಚಿ ತುಂಡು ಮಾಡಿದ ಹಗ್ಗ ಕುತ್ತಿಗೆಯಿಂದ ಜೋತಾಡುತ್ತಿತ್ತು. ಯಾರನ್ನೂ ನೋಡದೆ ನಡುದಾರಿಯಲ್ಲಿ ನೇರ ನಡೆದು ಬಂದು ರಾಯಪ್ಪನ ಬಲಬೂಟಿನ ಮೇಲೆ ಗಲ್ಲ ಊರಿ ಮಲಗಿತು. ಒದೆಯುವಂತಿಲ್ಲ, ಊರೆಲ್ಲ ನೋಡುತ್ತಿದೆ. ಎಬ್ಬಿಸುವಂತಿಲ್ಲ, ಪೂಜೆ ನಡೆಯುತ್ತಿದೆ.

ಸ್ವಾಮಿಗಳು ಅವನ ಮುಂದೆ ಬಂದು ಮೊಣಕಾಲೂರಿದರು. ರಾಯಪ್ಪ ಎಡಗಾಲು ಚಾಚಿದ. ಬೆಳ್ಳಗೆ, ನುಣುಪಾಗಿ, ಎಣ್ಣೆ ಮಿಂಚುವ ಕಾಲು. ಸ್ವಾಮಿಗಳು ಆ ಕಾಲನ್ನು ನೋಡಿದರು, ಬೂಟಿನ ಮೇಲೆ ಮಲಗಿದ ನಾಯಿಯನ್ನು ನೋಡಿದರು. ತಂಬಿಗೆ ಹಾಗೇ ಅವರ ಕೈಯಲ್ಲಿತ್ತು, ನೀರು ಬೀಳಲಿಲ್ಲ. ಪಕ್ಕದವನಿಗೂ ಕೇಳದಷ್ಟು ಮೆಲ್ಲಗೆ ಅವರು ಹೇಳಿದರು.

“ನೋವಿರೋ ಕಾಲು ಕೊಡಪ್ಪ. ನಾನು ಬಂದಿರೋದು ಅದಕ್ಕೇ.”

ಹದಿನಾರು ವರ್ಷದಿಂದ ರಾಯಪ್ಪನವರೇ ಎಂದು ಕರೆಯುತ್ತಿದ್ದವರು ಅಂದು ಕೊಡಪ್ಪ ಎಂದರು. ಅವನ ಅವ್ವ ಮುಳ್ಳು ತೆಗೆಯುವಾಗ ಹಾಗೆ ಹೇಳುತ್ತಿದ್ದಳು. ರಾಯಪ್ಪನ ಬಿಗುಮಾನವೆಲ್ಲ ಅಲ್ಲೇ ಕರಗಿತು. ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಿದ. ಗಂಟು ಬಿಚ್ಚದಾದಾಗ ಸ್ವಾಮಿಗಳೇ ಬಿಚ್ಚಿದರು. ಕಾಲುಚೀಲ ಗಾಯಕ್ಕೆ ಅಂಟಿಕೊಂಡಿತ್ತು. ನೀರು ಹನಿಸಿ ಹನಿಸಿ ಬಿಡಿಸಿದರು. ವಾಸನೆ ಹರಡಿತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. ಸ್ವಾಮಿಗಳು ಅವಸರವಿಲ್ಲದೆ ತೊಳೆದು, ವಸ್ತ್ರದಿಂದ ಒತ್ತಿ, ಎಲ್ಲರ ಕಾಲಿಗೆ ಇಟ್ಟಂತೆಯೇ ಅದಕ್ಕೂ ಮುತ್ತಿಟ್ಟರು. ಬೋಗುಣಿಯ ನೀರು ಮೊದಲ ಬಾರಿಗೆ ಕದಡಿತು. ರಾಯಪ್ಪ ಮಗುವಿನಂತೆ ಅತ್ತ. ಅವಮಾನಕ್ಕಲ್ಲ. ಮೂರು ತಿಂಗಳಿಂದ ಯಾರೂ ಮುಟ್ಟದ ಜಾಗವನ್ನು ಯಾರೋ ಮುಟ್ಟಿದ್ದರು, ಆ ಸುಖಕ್ಕೆ ಅತ್ತ.

ಆಮೇಲೆ ಅವನು ಮಾಡಿದ್ದು ಯಾವ ವಿಧಿಯಲ್ಲೂ ಇರಲಿಲ್ಲ. ಕುರ್ಚಿ ಹಿಡಿದು ಎದ್ದು ನಿಂತು, ಬಾಗಿಲ ಹಿಂದಿನ ಕಂಬದ ಕಡೆ ಕೈ ಚಾಚಿದ.

“ಇನ್ನಾಸಣ್ಣ, ಬಾರಣ್ಣ. ಈ ಜಾಗ ನಿಂದು. ಹೋದ ವರ್ಸ ನಾನು ಕಿತ್ಕೊಂಡೆ. ತಪ್ಪಾಯ್ತು ಕಣಣ್ಣ.”

ಇನ್ನಾಸಪ್ಪ ಕದಲಲಿಲ್ಲ. ಜನ ದಾರಿ ಬಿಟ್ಟರು. ಕೊನೆಗೆ ಅವನು ಸೊಪ್ಪಿನ ಕರೆ ಹತ್ತಿದ, ಮಣ್ಣು ಮೆತ್ತಿದ ಕಾಲುಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ಬಂದು ಕುರ್ಚಿಯ ತುದಿಯಲ್ಲಿ ಕೂತ. ಸ್ವಾಮಿಗಳು ತಂಬಿಗೆಯನ್ನು ರಾಯಪ್ಪನ ಕೈಗೆ ಕೊಟ್ಟರು. ಅವನು ನೀರು ಹೊಯ್ದ, ಅವರು ತೊಳೆದರು. ಅಂದು ಇನ್ನಾಸಪ್ಪ ವರ್ಷದ ಮೇಲೆ ಸತ್ಪ್ರಸಾದಕ್ಕೆ ಮುಂದೆ ಬಂದ.

ಮರುದಿನ ಬೆಳಗಿನ ಬಸ್ಸಿನಲ್ಲಿ ಸ್ವಾಮಿಗಳು ಇಬ್ಬರನ್ನೂ ಮೈಸೂರಿನ ಆಸ್ಪತ್ರೆಗೆ ಕಳುಹಿಸಿದರು. ಇನ್ನೊಂದು ವಾರ ತಡೆದಿದ್ದರೆ ರಾಯಪ್ಪನ ಕಾಲನ್ನು ಮೊಣಕಾಲಿನವರೆಗೂ ತೆಗೆಯಬೇಕಾಗುತ್ತಿತ್ತು ಎಂದರು ವೈದ್ಯರು. ಎರಡು ಬೆರಳು ಹೋದವು, ಕಾಲು ಉಳಿಯಿತು. ಇನ್ನಾಸಪ್ಪನಿಗೆ ಮುಲಾಮು ಸಿಕ್ಕಿತು. ತನ್ನ ಕಾಲು ಆರುವವರೆಗೂ ಅವನು ರಾಯಪ್ಪನ ಹಾಸಿಗೆಯ ಪಕ್ಕದಲ್ಲೇ ಉಳಿದು ಗಂಜಿ ಕುಡಿಸಿದ. ಮುಂದಿನ ವರ್ಷದಿಂದ ಪಾಳ್ಯದಲ್ಲಿ ಯಾರೂ ಕಾಲು ತಿಕ್ಕಿಕೊಂಡು ಬರಲಿಲ್ಲ. ತೋಟದಿಂದ, ಒಲೆಯ ಮನೆಯಿಂದ ಹಾಗೇ ಬಂದು ಕೂರುತ್ತಿದ್ದರು. ಹಾಗೇ ಬನ್ನಿ ಎಂದು ಮನೆಮನೆಗೂ ಹೇಳಿ ಬರುತ್ತಿದ್ದವನು ರಾಯಪ್ಪನೇ. ಆದರೆ ಅವನು ಈ ಪ್ರಸಂಗವನ್ನು ಹೇಳುವಾಗ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ. ದೇವರೂ ಕ್ಷಮಿಸಿದ, ಇನ್ನಾಸಣ್ಣನೂ ಕ್ಷಮಿಸಿದ, ಒದೆಸಿಕೊಂಡ ಕೆಂಚನ ಕ್ಷಮೆ ಮಾತ್ರ ಬಾಕಿ ಇತ್ತು ಎನ್ನುತ್ತಿದ್ದ.

ಆಸ್ಪತ್ರೆಯಿಂದ ಬಂದ ಮೂರನೆಯ ದಿನ ಅವನು ಜಗಲಿಯ ಮೇಲೆ ಬಟ್ಟೆ ಸುತ್ತಿದ ಕಾಲು ಚಾಚಿ ಕೂತಿದ್ದ. ಬೀದಿಯ ಕೊನೆಯಿಂದ ಕೆಂಚ ಮೂರು ಕಾಲಿನಲ್ಲಿ ಕುಂಟುತ್ತಾ ಬರುತ್ತಿತ್ತು. ಸ್ವಾಮಿಗಳು ಊರಲ್ಲೇ ಇದ್ದರು, ದೇವಾಲಯದ ಅಂಗಳದಲ್ಲಿ ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದುದು ಜಗಲಿಗೆ ಕಾಣುತ್ತಿತ್ತು. ನಾಯಿ ಅತ್ತ ಹೋಗಲಿಲ್ಲ. ಜಗಲಿ ಹತ್ತಿ, ರಾಯಪ್ಪನ ಮುಖವನ್ನೊಮ್ಮೆ ನೋಡಿ, ಮುಳ್ಳು ಚುಚ್ಚಿದ ಕಾಲನ್ನೆತ್ತಿ ಅವನ ತೊಡೆಯ ಮೇಲೆ ಇಟ್ಟಿತು.

ರಾಯಪ್ಪ ಹೆಂಡತಿಯನ್ನು ಕೂಗಿ ಸೂಜಿ ತರಲು ಹೇಳಿದ. ಕಣ್ಣೀರಿನಲ್ಲಿ ಮುಳ್ಳು ಕಾಣದೆ ತೋಳಿನಿಂದ ಕಣ್ಣೊರೆಸಿಕೊಂಡು ಬಗ್ಗಿದ.

“ಕೊಡಪ್ಪ,” ಎಂದ.

ಕೆಂಚ ಕಾಲನ್ನು ಎಳೆದುಕೊಳ್ಳಲಿಲ್ಲ.