ಬೆಂಕಿಗೆ ಹೋಗದ ಗಾಳಿ

“ಬುದ್ಧಿ, ದಿನಕ್ಕೆ ಒಂದು ಗಳಿಗೆ ಪೂಜೆಗೆ ಕೂತರೆ ಹೆಚ್ಚು. ಉಳಿದ ಹೊತ್ತೆಲ್ಲ ದಾಸೋಹದ ಒಲೆ, ಸೌಟು, ಎಂಜಲೆಲೆ. ಹೀಗೇ ಆದರೆ ಶಿವ ನನಗೆ ಸಿಗುವುದು ಯಾವಾಗ?”

ಕೇಳಿದವನು ಮಠದ ಅಡುಗೆ ನೋಡಿಕೊಳ್ಳುವ ಪರ್ವತಯ್ಯ. ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಬೆಟ್ಟದ ಗವಿಗೆ ಹೋಗಿ ಹಗಲಿರುಳು ಜಪಕ್ಕೆ ಕೂರುವುದೆಂದು ನಿಶ್ಚಯಿಸಿದ್ದ. ಗುರುಗಳ ಅಪ್ಪಣೆಯೊಂದೇ ಬಾಕಿ.

ಗುರುಗಳು ಕತೆ ಹೇಳಿದರು.

ಕಡಿಮೆ ಎಣ್ಣೆಯಲ್ಲಿ ಕಡಲು ದಾಟುವ ವಿಮಾನಕ್ಕೆ ಎಂಜಿನ್ ಮಾಡುವ ಕಾರ್ಖಾನೆಗೆ ಒಬ್ಬ ಹೊಸ ಎಂಜಿನಿಯರ್ ಬಂದ. ಎಂಜಿನ್ನಿನ ಮುಂದೆ ದೊಡ್ಡ ಫ್ಯಾನು, ಒಳಗೆ ಅದನ್ನು ತಿರುಗಿಸುವ ಬೆಂಕಿ. ಫ್ಯಾನು ಎಳೆದ ಹತ್ತು ಪಾಲು ಗಾಳಿಯಲ್ಲಿ ಒಂದು ಪಾಲು ಬೆಂಕಿಗೆ ಹೋಗುತ್ತಿತ್ತು. ಒಂಬತ್ತು ಪಾಲು ಬೆಂಕಿಯನ್ನು ಮುಟ್ಟದೆ, ಅದರ ಹೊರಸುತ್ತಿನಿಂದ ಹಿಂದಕ್ಕೆ ಹೋಗುತ್ತಿತ್ತು. ‘ಇಷ್ಟೂ ಗಾಳಿ ದಂಡವಾಯಿತಲ್ಲ’ ಎಂದು ಅವನ ಜೀವ ಚುರುಕ್ಕೆಂದಿತು. ಫ್ಯಾನು ಚಿಕ್ಕದು ಮಾಡಿ, ಎಳೆದದ್ದನ್ನೆಲ್ಲ ಬೆಂಕಿಗೇ ಕಳಿಸುವ ಎಂಜಿನ್ ಕಟ್ಟಿಸಿದ. ಪರೀಕ್ಷೆಯ ದಿನ ಅದರ ಮೊರೆತಕ್ಕೆ ಶೆಡ್ಡಿನ ತಗಡು ಅದುರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಳೆಯ ಮೇಸ್ತ್ರಿಯೊಬ್ಬ ಮಾತ್ರ ಎಣ್ಣೆಯ ಖರ್ಚು ತೋರಿಸುವ ಮುಳ್ಳನ್ನೇ ನೋಡುತ್ತ ನಿಂತಿದ್ದ.

“ಸದ್ದೇನೋ ಜೋರಾಗಿದೆ ಸ್ವಾಮಿ. ಆದರೆ ಇದನ್ನು ನಂಬಿ ಹತ್ತುವ ಮುನ್ನೂರು ಜನಕ್ಕೆ ಈಜು ಬರಬೇಕು. ನಡುಗಡಲಿಗೇ ಎಣ್ಣೆ ಮುಗಿಯುತ್ತದೆ.”

“ಬೆಂಕಿ ಮೊದಲಿಗಿಂತ ಹೆಚ್ಚಿದೆಯಲ್ಲಯ್ಯಾ!”

“ಹೆಚ್ಚಿದೆ. ಆದರೆ ಅಷ್ಟು ಜನರನ್ನು ಆಚೆ ದಡಕ್ಕೆ ತಳ್ಳುತ್ತಿದ್ದದ್ದು, ನೀವು ದಂಡ ಅಂದಿರಲ್ಲ, ಆ ಗಾಳಿ.”

ಶಿವನ ದಯೆ, ಆ ಎಂಜಿನ್ ಶೆಡ್ಡು ಬಿಟ್ಟು ಹೊರಗೆ ಬರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಪರ್ವತಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಗಂಟನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದ.

“ಹಾಗಾದರೆ ಬೆಂಕಿಯೇ ಬೇಡವೇ, ಬುದ್ಧಿ? ಪೂಜೆ ಬಿಟ್ಟುಬಿಡಲೇ?”

“ಬೆಂಕಿ ಇಲ್ಲದೆ ಫ್ಯಾನು ತಿರುಗುತ್ತದೇನಯ್ಯಾ?”

ಅವನಿಗೆ ಇನ್ನಷ್ಟು ಗೊಂದಲವಾಯಿತು. ಬೆಂಕಿ ಬೇಕಂತೆ, ಎಲ್ಲವೂ ಬೆಂಕಿಗೇ ಹೋಗಬಾರದಂತೆ. ಗವಿಯೋ, ಒಲೆಯೋ?

“ನಾನು ದಡ್ಡ, ಬುದ್ಧಿ. ಎತ್ತ ಹೋಗಲಿ, ಅದೊಂದು ಹೇಳಿಬಿಡಿ.”

ಅಂಗಳದಲ್ಲಿ ಪಾದಯಾತ್ರೆಯವರು ಬಂದಿಳಿದು ಕೈಕಾಲು ತೊಳೆಯುತ್ತಿದ್ದರು. ಗುರುಗಳು ಅತ್ತ ನೋಡಿದರು.

“ಇವತ್ತು ಪಂಕ್ತಿಗೆ ಎಷ್ಟು ಜನ, ಪರ್ವತಯ್ಯ?”

ಅವನು ಗಂಟನ್ನು ಜಗಲಿಯ ಮೇಲಿಟ್ಟ. ತಲೆ ಎಣಿಸುತ್ತ ಅಂಗಳಕ್ಕಿಳಿದ.