ಹನ್ನೆರಡು ಎಂಬ ಅಂಕಿ

ತಟ್ಟೆಯನ್ನು ಬೀಸಿ ಎಸೆದು ದೂರದ ಸರಪಳಿ ಬುಟ್ಟಿಗೆ ಬೀಳಿಸುವ ಆಟವನ್ನು ಚೋಂದಮ್ಮ ಆಗಷ್ಟೇ ಕಲಿಯುತ್ತಿದ್ದಳು. ಅವಳ ಚೀಲದಲ್ಲಿದ್ದ ಎರಡು ತಟ್ಟೆಗಳಲ್ಲಿ ಒಂದರ ಮೇಲೆ ‘ವೇಗ ಹನ್ನೆರಡು’ ಎಂದೂ, ಇನ್ನೊಂದರ ಮೇಲೆ ‘ವೇಗ ಐದು’ ಎಂದೂ ಅಚ್ಚಾಗಿತ್ತು.

“ಇಂದು ತೊರೆ ದಾಟಬೇಕು. ಅದು ನಿನ್ನಿಂದಾಗದು,” ಎಂದಿತು ಹನ್ನೆರಡು.

“ತಮ್ಮಾ, ಎಸೆಯುವ ಕೈ ನಿನಗೆ ಎಷ್ಟು ವೇಗ ಕೊಡಬೇಕೆಂದು ಆ ಅಂಕಿ ಹೇಳುತ್ತದೆ. ಈ ಕೈ ಇನ್ನೂ ಎಳೆಯದು,” ಎಂದಿತು ಐದು.

“ನಿನಗೆ ಹೊಟ್ಟೆಕಿಚ್ಚು!” ಎಂದು ಹನ್ನೆರಡು ನಕ್ಕಿತು.

ಚೋಂದಮ್ಮನೂ ದೊಡ್ಡ ಅಂಕಿಯನ್ನೇ ನಂಬಿ, ಹನ್ನೆರಡನ್ನು ಎತ್ತಿಕೊಂಡು ಇದ್ದ ಬಲವನ್ನೆಲ್ಲ ಹಾಕಿ ಎಸೆದಳು. ಆ ಬಲ ತಟ್ಟೆಗೆ ಸಾಲಲಿಲ್ಲ. ಅದು ತೊರೆಯನ್ನು ತಲುಪುವ ಮೊದಲೇ ಎಡಕ್ಕೆ ವಾಲಿ ಈಚೆ ದಡದ ಕೆಸರಿನಲ್ಲಿ ಹೂತುಕೊಂಡಿತು. ಅಲ್ಲಿಂದಲೇ ಅದು ನೋಡುತ್ತಿರಲು, ಚೋಂದಮ್ಮ ಬಳಿಕ ಎಸೆದ ಐದು ತೊರೆಯ ಮೇಲಿನ ಗಾಳಿಯಲ್ಲಿ ಹಗುರವಾಗಿ ತೇಲಿಹೋಗಿ ಆಚೆ ದಡದಲ್ಲಿ ಇಳಿಯಿತು.

ಚೀಲಕ್ಕೆ ಮರಳಿದ ಮೇಲೆ ಹನ್ನೆರಡು ಮೆಲ್ಲನೆ ಕೇಳಿತು: “ಹಾಗಾದರೆ ನನ್ನ ಅಂಕಿ ಸುಳ್ಳೇ?”

“ಸುಳ್ಳೇಕೆ? ಅದು ಕೇಳುವಷ್ಟನ್ನು ಕೊಡುವ ಕೈಗಾಗಿ ಕಾಯಬೇಕು. ಚೋಂದಮ್ಮನ ತೋಳು ದಿನೇ ದಿನೇ ಬಲಿಯುತ್ತಿದೆ.”

ಮರುದಿನ ಅವಳು ಚೀಲಕ್ಕೆ ಕೈ ಹಾಕಿದಾಗ, ಹನ್ನೆರಡು ತಾನಾಗಿ ಪಕ್ಕಕ್ಕೆ ಸರಿದು ಐದಕ್ಕೆ ದಾರಿ ಬಿಟ್ಟಿತು.